ಹಳೇ ಮದರ್‌ಬೋರ್ಡ್ ಗುರುತಿಸಿ ಅಪ್‌ಗ್ರೇಡ್ ಮಾಡುವುದು: ಎಲ್‌ಜಿಎ775 ಬೋರ್ಡ್‌ಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

2004ರಲ್ಲಿ ಪೆಂಟಿಯಂ 4ರ ಜೊತೆ ಬಂದು ಕೋರ್ 2 ಕ್ವಾಡ್ ಕಾಲದವರೆಗೆ ಬಾಳಿದ ಇಂಟೆಲ್ ಎಲ್‌ಜಿಎ775 ಸಾಕೆಟ್‌ನ (ಪ್ರೊಸೆಸರ್ ಕೂರುವ ಜಾಗ) ಬೋರ್ಡ್‌ಗಳು ಈಗಲೂ ಡಿಟಿಪಿ ಅಂಗಡಿ, ಶಾಲೆಯ ಲ್ಯಾಬು, ಲಾರಿ ತೂಗುವ ವೇಬ್ರಿಜ್ ಕ್ಯಾಬಿನ್ನು, ಮನೆಯ ಮೂಲೆಗಳಲ್ಲಿ ಓಡುತ್ತಿವೆ. ಇವನ್ನು ಇನ್ನೂ ಕೆಲವು ವರ್ಷ ಚೆನ್ನಾಗಿ ದುಡಿಸಬಹುದು. ಆದರೆ ಬೋರ್ಡ್ ಯಾವುದೆಂದು ಸರಿಯಾಗಿ ತಿಳಿಯದೆ ರ‍್ಯಾಮ್, ಪ್ರೊಸೆಸರ್ ಕೊಂಡು ತಂದರೆ ಹತ್ತರಲ್ಲಿ ಹಲವು ಸಲ ಅದು ಹೊಂದುವುದಿಲ್ಲ. ಹಾಗಾಗಿ ಗುರುತು ಹಿಡಿಯುವ ಪ್ರಶ್ನೆಗಳಿಂದಲೇ ಶುರು ಮಾಡುತ್ತೇವೆ.

ಬೋರ್ಡಿನ ಮೇಲೆ ಹತ್ತಾರು ನಂಬರ್‌ಗಳಿವೆ. ಇವುಗಳಲ್ಲಿ ಮಾಡೆಲ್ ನಂಬರ್ ಯಾವುದು?

ಯಾವುದು ಅಲ್ಲ ಎಂಬುದನ್ನು ಮೊದಲು ತಿಳಿಯಿರಿ. "94ವಿ-0" ಎಂದು ಬಹುತೇಕ ಎಲ್ಲ ಬೋರ್ಡ್‌ಗಳ ಮೇಲೂ ಅಚ್ಚಾಗಿರುತ್ತದೆ. ಅದು ಹಲಗೆಗೆ ಬೆಂಕಿ ಹತ್ತಿದರೆ ಎಷ್ಟು ಬೇಗ ಆರುತ್ತದೆ ಎಂಬುದರ ದರ್ಜೆ, ಮಾಡೆಲ್ ಅಲ್ಲ. ಎಂಎಸ್‌ಐ ಬೋರ್ಡ್‌ಗಳ ಮೇಲೆ ಎದ್ದು ಕಾಣುವ "ಎನ್1996" ಕೂಡ ಮಾಡೆಲ್ ಅಲ್ಲ. ಅದು ಆಸ್ಟ್ರೇಲಿಯಾದ ಪ್ರಮಾಣೀಕರಣಕ್ಕಾಗಿ ಕಂಪನಿಗೆ ಸಿಕ್ಕ ಸಂಕೇತ. ಈ ಎರಡನ್ನು ಅಂತರ್ಜಾಲದಲ್ಲಿ ಹುಡುಕಿ ಯಾವುದೋ ಬೇರೆ ಬೋರ್ಡಿನ ಡ್ರೈವರ್ ಇಳಿಸಿಕೊಂಡವರು ಬಹಳ ಮಂದಿ.

ನಿಜವಾದ ಹೆಸರು ಇರುವ ಜಾಗ ಕಂಪನಿಯಿಂದ ಕಂಪನಿಗೆ ಬೇರೆ. ಗಿಗಾಬೈಟ್ ಮತ್ತು ಏಸಸ್ ಬೋರ್ಡ್‌ಗಳಲ್ಲಿ ಸಾಮಾನ್ಯವಾಗಿ ಪಿಸಿಐ ಸ್ಲಾಟ್‌ಗಳ ನಡುವೆ ಅಥವಾ ಪ್ರೊಸೆಸರ್ ಪಕ್ಕ ದಪ್ಪ ಅಕ್ಷರದಲ್ಲಿರುತ್ತದೆ. ಗಿಗಾಬೈಟ್‌ನಲ್ಲಿ ಎಡಗಡೆ ಕೆಳಮೂಲೆಯ "ರೆವ್" ನಂಬರನ್ನೂ ಬರೆದುಕೊಳ್ಳಿ. ಒಂದೇ ಮಾಡೆಲ್‌ನ 1.0 ಮತ್ತು 2.0 ರಿವಿಷನ್‌ಗಳಿಗೆ ಬಯಾಸ್ (ಯಂತ್ರ ಆನ್ ಆದಾಗ ಮೊದಲು ಓಡುವ, ಬೋರ್ಡಿನೊಳಗಿನ ತಂತ್ರಾಂಶ) ಫೈಲ್ ಬೇರೆ ಬೇರೆ ಇರಬಹುದು, ಒಂದನ್ನು ಇನ್ನೊಂದಕ್ಕೆ ಹಾಕಿದರೆ ಬೋರ್ಡ್ ಏಳುವುದೇ ಇಲ್ಲ. ಎಂಎಸ್‌ಐನಲ್ಲಿ "ಎಂಎಸ್-7592" ರೀತಿಯ ನಂಬರ್ ಇರುತ್ತದೆ. ಅದು ಹಲಗೆಯ ಕುಟುಂಬದ ನಂಬರ್. ಅದೇ ಹಲಗೆಯನ್ನು ಹಲವು ಮಾರಾಟದ ಹೆಸರುಗಳಲ್ಲಿ ಬಿಟ್ಟಿದ್ದಾರೆ, ಪಕ್ಕದ "ವರ್" ನಂಬರ್ ಸೇರಿಸಿ ಹುಡುಕಬೇಕು. ಇಂಟೆಲ್‌ನ ಸ್ವಂತ ಬೋರ್ಡ್‌ಗಳಲ್ಲಿ, ಅಂದರೆ ನಮ್ಮಲ್ಲಿ ತುಂಬ ಮಾರಾಟವಾದ ಡಿಜಿ31ಪಿಆರ್, ಡಿಜಿ41ಆರ್‌ಕ್ಯೂ ಮೊದಲಾದವುಗಳಲ್ಲಿ, ಬಾರ್‌ಕೋಡ್ ಇರುವ ಚಿಕ್ಕ ಸ್ಟಿಕರ್ ಹುಡುಕಿ. ಅದರಲ್ಲಿ "ಎಎ" ಎಂದು ಶುರುವಾಗಿ ಒಂದು ಅಕ್ಷರ, ಐದು ಅಂಕಿ, ಅಡ್ಡಗೆರೆ, ಮತ್ತೆ ಮೂರು ಅಂಕಿ ಇರುತ್ತವೆ. ಆ ಎಎ ನಂಬರ್ ಒಂದೇ ಸಾಕು, ಬೋರ್ಡಿನ ನಿಖರ ಆವೃತ್ತಿ ಸಿಗುತ್ತದೆ.

ಕ್ಯಾಬಿನೆಟ್ ಬಿಚ್ಚದೆ ತಿಳಿಯಬಹುದೇ?

ಬೋರ್ಡ್ ಆನ್ ಆಗುತ್ತಿದ್ದರೆ ಖಂಡಿತ. ವಿಂಡೋಸ್‌ನಲ್ಲಿ ವಿಂಡೋಸ್ ಕೀ ಜೊತೆ ಆರ್ ಒತ್ತಿ, "ಎಂಎಸ್‌ಇನ್ಫೋ32" ಎಂದು ಟೈಪಿಸಿದರೆ ಸಿಸ್ಟಮ್ ಮಾಹಿತಿಯ ಪುಟ ತೆರೆಯುತ್ತದೆ. ಹೊಸ ವಿಂಡೋಸ್‌ನಲ್ಲಿ ಬೇಸ್‌ಬೋರ್ಡ್ ಎಂಬ ಸಾಲುಗಳಲ್ಲಿ ತಯಾರಕರು, ಮಾಡೆಲ್ ಎರಡೂ ಇರುತ್ತವೆ. ಎಕ್ಸ್‌ಪಿ, ವಿಂಡೋಸ್ 7 ಇದ್ದರೆ ಸಿಪಿಯು-ಝಡ್ ಎಂಬ ಉಚಿತ ತಂತ್ರಾಂಶ ಹಾಕಿ ಮೇನ್‌ಬೋರ್ಡ್ ಟ್ಯಾಬ್ ನೋಡಿ: ಮಾಡೆಲ್, ಚಿಪ್‌ಸೆಟ್ (ಪ್ರೊಸೆಸರನ್ನು ಉಳಿದ ಭಾಗಗಳಿಗೆ ಬೆಸೆಯುವ ಮುಖ್ಯ ಚಿಪ್ಪುಗಳು), ಸೌತ್‌ಬ್ರಿಜ್ (ಅವುಗಳಲ್ಲಿ ಡಿಸ್ಕ್, ಯುಎಸ್‌ಬಿ ನೋಡಿಕೊಳ್ಳುವುದು), ಬಯಾಸ್ ತಾರೀಖು ಎಲ್ಲವೂ ಒಂದೇ ಕಡೆ ಸಿಗುತ್ತವೆ. ಲಿನಕ್ಸ್‌ನಲ್ಲಿ ಡಿಎಂಐಡಿಕೋಡ್ ಆಜ್ಞೆಯನ್ನು ರೂಟ್ ಅಧಿಕಾರದಲ್ಲಿ ಓಡಿಸಬೇಕು.

ಡೆಲ್, ಎಚ್‌ಪಿ, ಲೆನೊವೊದಂಥ ಬ್ರ್ಯಾಂಡೆಡ್ ಯಂತ್ರವಾದರೆ ಬೋರ್ಡಿನ ಹೆಸರಿಗಿಂತ ಯಂತ್ರದ ಹೆಸರು ಮುಖ್ಯ. ಡೆಲ್‌ನಲ್ಲಿ ಏಳು ಅಕ್ಷರಗಳ ಸರ್ವಿಸ್ ಟ್ಯಾಗ್ ಕ್ಯಾಬಿನೆಟ್ ಮೇಲೇ ಅಂಟಿಸಿರುತ್ತಾರೆ.

ನನ್ನ ಬೋರ್ಡಿಗೆ ಹೆಸರೇ ಇಲ್ಲ. "ಜಿ41" ಅಂತ ಮಾತ್ರ ಬರೆದಿದೆ. ಏನು ಮಾಡಲಿ?

ಹಳೇ ಚಿಪ್‌ಗಳನ್ನು ಹೊಸ ಹಲಗೆಗೆ ಕೂರಿಸಿ ಮಾಡಿದ ಇಂಥ ಬೋರ್ಡ್‌ಗಳು ಮಾರುಕಟ್ಟೆಯಲ್ಲಿ ಬೇಕಾದಷ್ಟಿವೆ. ಬಾಕ್ಸಿನ ಮೇಲಿನ ಬ್ರ್ಯಾಂಡ್ ಹೆಸರು ಹಿಡಿದು ಹುಡುಕಿದರೆ ಪ್ರಯೋಜನವಿಲ್ಲ. ಎರಡು ದಾರಿ ಇವೆ.

ಒಂದು, ಆನ್ ಮಾಡಿದ ಕೂಡಲೇ ಕೀಬೋರ್ಡಿನ ಪಾಝ್ (Pause) ಕೀ ಒತ್ತಿ ಪರದೆ ನಿಲ್ಲಿಸಿ. ಕೆಳಗಿನ ಅಂಚಿನಲ್ಲಿ ಉದ್ದನೆಯ ಬಯಾಸ್ ಸಂಕೇತ ಇರುತ್ತದೆ; ಫೋಟೋ ತೆಗೆದುಕೊಳ್ಳಿ. ಕಂಪನಿಯ ಲೋಗೋ ಅಡ್ಡ ಬಂದರೆ ಟ್ಯಾಬ್ ಅಥವಾ ಎಸ್ಕೇಪ್ ಒತ್ತಿದರೆ ಸರಿಯುತ್ತದೆ.

ಎರಡು, ಚಿಪ್ಪನ್ನೇ ಓದುವುದು. ಸಾಟಾ (ಹಾರ್ಡ್‌ಡಿಸ್ಕ್ ಜೋಡಿಸುವ) ಪೋರ್ಟ್‌ಗಳ ಹತ್ತಿರದ ಚೌಕ ಚಿಪ್ಪೇ ಸೌತ್‌ಬ್ರಿಜ್. ಅದರ ಮೇಲೆ 82801 ಎಂಬ ಸಂಖ್ಯೆ, ಅದರ ನಂತರ ಎರಡು ಮೂರು ಅಕ್ಷರ ಇರುತ್ತವೆ. ಜಿಬಿ ಎಂದಿದ್ದರೆ ಐಸಿಎಚ್7, ಎಚ್‌ಬಿ ಎಂದರೆ ಐಸಿಎಚ್8, ಐಬಿ ಎಂದರೆ ಐಸಿಎಚ್9, ಜೆಐಬಿ ಎಂದರೆ ಐಸಿಎಚ್10; ಐಸಿಎಚ್ ಎಂಬುದು ಇಂಟೆಲ್ ಸೌತ್‌ಬ್ರಿಜ್‌ಗಳ ಹೆಸರು. ಚಿಪ್‌ಸೆಟ್‌ನ ಇನ್ನೊಂದು ಚಿಪ್ಪು, ಮೆಮೊರಿ ಮತ್ತು ಗ್ರಾಫಿಕ್ಸ್ ನೋಡಿಕೊಳ್ಳುವ ನಾರ್ತ್‌ಬ್ರಿಜ್, ಹೀಟ್‌ಸಿಂಕ್‌ನ ಅಡಿಯಲ್ಲಿದೆ. ಅದನ್ನು ಕಿತ್ತು ನೋಡುವ ಅಗತ್ಯ ಬರುವುದು ಬೋರ್ಡ್ ಪೂರ್ತಿ ಸತ್ತಿದ್ದಾಗ ಮಾತ್ರ. ಬದುಕಿದ್ದರೆ ಸಿಪಿಯು-ಝಡ್ ಸಾಕು.

ಮಾಡೆಲ್ ಸಿಕ್ಕಿತು. ಚಿಪ್‌ಸೆಟ್ ಯಾಕೆ ತಿಳಿಯಬೇಕು?

ಏಕೆಂದರೆ ಮಿತಿಗಳೆಲ್ಲ ಚಿಪ್‌ಸೆಟ್‌ನವು. ನಮ್ಮ ಕಡೆ ಹೆಚ್ಚು ಕಾಣುವ ಮೂರನ್ನು ಹೇಳುತ್ತೇವೆ.

945ಜಿ 2005ರದು. ಡಿಡಿಆರ್2 ರ‍್ಯಾಮ್, ಗರಿಷ್ಠ 4 ಜಿಬಿ. ಆ 4 ಜಿಬಿ ಹಾಕಿದರೂ ಪೂರ್ತಿ ದಕ್ಕುವುದಿಲ್ಲ: ಗ್ರಾಫಿಕ್ಸ್, ಪಿಸಿಐ ಸಾಧನಗಳಿಗೆ ಮೀಸಲಾದ ವಿಳಾಸಗಳ ಹಿಂದೆ ಅಡಗಿದ ರ‍್ಯಾಮನ್ನು ಮೇಲಕ್ಕೆ ಎತ್ತಿ ತೋರಿಸುವ ಶಕ್ತಿ ಈ ಚಿಪ್‌ಸೆಟ್‌ಗಿಲ್ಲ. 64 ಬಿಟ್ ವಿಂಡೋಸ್ ಹಾಕಿದರೂ ಸುಮಾರು ಮೂರೂಕಾಲು ಜಿಬಿಯೇ ಕಾಣುತ್ತದೆ. ಇದು ರ‍್ಯಾಮಿನ ದೋಷವಲ್ಲ, ಅಂಗಡಿಗೆ ವಾಪಸ್ ಒಯ್ಯಬೇಡಿ. 45 ನ್ಯಾನೊಮೀಟರ್ ತಂತ್ರದಲ್ಲಿ ತಯಾರಾದ ನಂತರದ ಪ್ರೊಸೆಸರ್‌ಗಳನ್ನು ಈ ಕಾಲದ ಬೋರ್ಡ್‌ಗಳು ಬಹುಪಾಲು ಒಪ್ಪುವುದಿಲ್ಲ.

ಜಿ31 2007ರದು. ಇದಕ್ಕೂ ಡಿಡಿಆರ್2, ಗರಿಷ್ಠ 4 ಜಿಬಿ. ಹೊಸ ಬಯಾಸ್ ಇದ್ದರೆ 45 ನ್ಯಾನೊಮೀಟರ್ ಕೋರ್ 2 ಡ್ಯೂಯೊಗಳು ಓಡುತ್ತವೆ.

ಜಿ41 2008ರದು. ಡಿಡಿಆರ್2 ಅಥವಾ ಡಿಡಿಆರ್3, ಗರಿಷ್ಠ 8 ಜಿಬಿ. ಈ ಮೂರರಲ್ಲಿ ದುಡ್ಡು ಹಾಕಲು ಯೋಗ್ಯವಾದದ್ದು ಇದೊಂದೇ, ಅದರಲ್ಲೂ ಡಿಡಿಆರ್3 ಇರುವ ಜಿ41. ಕಾರಣ ಮುಂದೆ ಬರುತ್ತದೆ.

ಮೂರಕ್ಕೂ ಸಾಮಾನ್ಯವಾಗಿ ಐಸಿಎಚ್7 ಸೌತ್‌ಬ್ರಿಜ್ಜೇ ಜೊತೆ. ಹಾಗಾಗಿ ನಾಲ್ಕು ಸಾಟಾ ಪೋರ್ಟ್, ಸೆಕೆಂಡಿಗೆ 3 ಗಿಗಾಬಿಟ್ ವೇಗ. ಡಿಸ್ಕ್ ಜೊತೆ ಮಾತಾಡುವ ಹೊಸ ಪದ್ಧತಿಯಾದ ಎಎಚ್‌ಸಿಐ ಇಲ್ಲ, ಹಳೇ ಐಡಿಇ ಮೋಡ್ ಮಾತ್ರ.

ಮೊದಲು ಯಾವುದಕ್ಕೆ ಖರ್ಚು ಮಾಡಲಿ?

ಎಸ್‌ಎಸ್‌ಡಿಗೆ. ಇದರಲ್ಲಿ ಎರಡು ಮಾತಿಲ್ಲ. 240 ಅಥವಾ 256 ಜಿಬಿಯ 2.5 ಇಂಚು ಸಾಟಾ ಎಸ್‌ಎಸ್‌ಡಿ ಹಾಕಿದರೆ ಐದು ನಿಮಿಷ ಏಳುತ್ತಿದ್ದ ಯಂತ್ರ ಅರ್ಧ ನಿಮಿಷ, ಮುಕ್ಕಾಲು ನಿಮಿಷದಲ್ಲಿ ಏಳುತ್ತದೆ. ಹಳೇ ಸಾಟಾದಲ್ಲಿ ಓದುವ ವೇಗ ಸೆಕೆಂಡಿಗೆ 270 ಎಂಬಿ ಆಸುಪಾಸಿಗೆ ನಿಲ್ಲುತ್ತದೆ ನಿಜ. ಆದರೆ ದಿನನಿತ್ಯದ ಕೆಲಸದಲ್ಲಿ ಹಾರ್ಡ್‌ಡಿಸ್ಕ್ ಸೋಲುವುದು ಚಿಕ್ಕ ಚಿಕ್ಕ ಫೈಲುಗಳನ್ನು ಅಲ್ಲಲ್ಲಿ ಹುಡುಕುವಾಗ. ಅಲ್ಲಿ ಎಸ್‌ಎಸ್‌ಡಿಯ ಲಾಭ ಪೂರ್ತಿ ಸಿಗುತ್ತದೆ. ಅಳಿಸಿದ ಜಾಗವನ್ನು ಎಸ್‌ಎಸ್‌ಡಿಗೆ ತಿಳಿಸುವ ಟ್ರಿಮ್ ಆಜ್ಞೆ ಐಡಿಇ ಮೋಡ್‌ನಲ್ಲೂ ಕೆಲಸ ಮಾಡುತ್ತದೆ, ಹೆದರಬೇಕಿಲ್ಲ.

ಎಡವುವ ಜಾಗ ಒಂದಿದೆ. ಎಕ್ಸ್‌ಪಿಯಲ್ಲಿ ಮಾಡಿದ ಪಾರ್ಟಿಷನ್ 63ನೇ ಸೆಕ್ಟರ್‌ನಿಂದ ಶುರುವಾಗುತ್ತದೆ. ಅದನ್ನು ಹಾಗೇ ಕ್ಲೋನ್ ಮಾಡಿದರೆ ಎಸ್‌ಎಸ್‌ಡಿಯ ಒಳಗಿನ ಪುಟಗಳ ಗಡಿಗೆ ಹೊಂದದೆ ಪ್ರತಿ ಬರವಣಿಗೆಯೂ ಎರಡೆರಡು ಕಡೆ ತಾಗುತ್ತದೆ. ಪಾರ್ಟಿಷನ್ನನ್ನು ವಿಂಡೋಸ್ 7 ಅಥವಾ ಲಿನಕ್ಸ್ ಡಿಸ್ಕ್‌ನಿಂದ ಮೊದಲೇ ಮಾಡಿಟ್ಟುಕೊಂಡರೆ ಅದು 1 ಎಂಬಿ ಗಡಿಯಿಂದ ಶುರುವಾಗುತ್ತದೆ, ತೊಂದರೆ ಇರುವುದಿಲ್ಲ.

ಹೊಸ ಬಗೆಯ, ಪಿಸಿಐ ಎಕ್ಸ್‌ಪ್ರೆಸ್ ಮೂಲಕ ಓಡುವ ಎನ್‌ವಿಎಂಇ ಎಸ್‌ಎಸ್‌ಡಿಯನ್ನು ಅಡಾಪ್ಟರ್ ಕಾರ್ಡ್‌ನಲ್ಲಿ ಹಾಕುವ ಆಸೆ ಬೇಡ. ಹಳೇ ಬಯಾಸ್ ಅದರಿಂದ ಬೂಟ್ ಮಾಡುವುದಿಲ್ಲ.

ಜಿ41 ಬೋರ್ಡ್ 8 ಜಿಬಿ ತೆಗೆದುಕೊಳ್ಳುತ್ತದೆ ಎಂದಿದೆ. 4 ಜಿಬಿಯ ಡಿಡಿಆರ್3 ತಂದರೆ ಬೀಪ್ ಹೊಡೆಯುತ್ತದೆ, ಇಲ್ಲವೇ ಅರ್ಧ ಮಾತ್ರ ತೋರಿಸುತ್ತದೆ. ರ‍್ಯಾಮ್ ಕೆಟ್ಟಿದೆಯೇ?

ಬಹುಶಃ ಇಲ್ಲ. ಸ್ಟಿಕ್ಕಿನ ಮೇಲಿನ ಕಪ್ಪು ಚಿಪ್ಪುಗಳನ್ನು ಎಣಿಸಿ.

ಜಿ41ಕ್ಕೆ ಅರ್ಥವಾಗುವುದು ಪ್ರತಿ ಚಿಪ್ಪಿಗೆ 2 ಗಿಗಾಬಿಟ್, ಅಂದರೆ 256 ಎಂಬಿವರೆಗೆ. 4 ಜಿಬಿ ಆಗಬೇಕಾದರೆ ಅಂಥ ಚಿಪ್ಪು 16 ಬೇಕು: ಒಂದು ಬದಿಗೆ 8, ಇನ್ನೊಂದು ಬದಿಗೆ 8. ಆಮೇಲಿನ ವರ್ಷಗಳಲ್ಲಿ ಬಂದ 4 ಜಿಬಿ ಸ್ಟಿಕ್ಕುಗಳಲ್ಲಿ ಒಂದೊಂದು ಚಿಪ್ಪೇ 512 ಎಂಬಿ, ಹಾಗಾಗಿ ಒಂದೇ ಬದಿಗೆ 8 ಚಿಪ್ಪು. ಈ ಎರಡನೇ ಬಗೆ ನಂತರದ ಪೀಳಿಗೆಯ ಎಚ್61 ಬೋರ್ಡಿನಲ್ಲಿ ಚೆನ್ನಾಗಿ ಓಡುತ್ತದೆ, ಜಿ41ರಲ್ಲಿ ಓಡುವುದಿಲ್ಲ. ಅಂಗಡಿಯವರು ತಮ್ಮ ಟೆಸ್ಟ್ ಬೋರ್ಡಿಗೆ ಹಾಕಿ "ನೋಡಿ, ವರ್ಕ್ ಆಗ್ತಿದೆ" ಅಂದರೆ ಅವರು ಹೇಳುವುದೂ ಸುಳ್ಳಲ್ಲ.

ಲೇಬಲ್ ಮೇಲೆ "2ಆರ್×8" ಎಂದಿದ್ದರೆ 16 ಚಿಪ್ಪಿನದು, "1ಆರ್×8" ಎಂದಿದ್ದರೆ 8 ಚಿಪ್ಪಿನದು. ಕೊಳ್ಳಲು ಹೋಗುವಾಗ "4 ಜಿಬಿ ಡಿಡಿಆರ್3, ಡೆಸ್ಕ್‌ಟಾಪ್‌ದು, ಹದಿನಾರು ಚಿಪ್‌ದು ಕೊಡಿ" ಎಂದು ಹೀಗೇ ಕೇಳಿ. ಬೆಂಗಳೂರಿನ ಎಸ್.ಪಿ. ರೋಡಿನಂಥ ಕಡೆ ಈ ಮಾತು ಅರ್ಥವಾಗುತ್ತದೆ, ಡಬ್ಬದಿಂದ ಆರಿಸಿ ಕೊಡುತ್ತಾರೆ. ಅಂತರ್ಜಾಲದಲ್ಲಿ ತರಿಸುವಾಗ ಎರಡೂ ಬದಿಯ ಫೋಟೋ ನೋಡದೆ ಹಣ ಕಟ್ಟಬೇಡಿ. 1333 ಎಂದು ಬರೆದ ಸ್ಟಿಕ್ ಕೂಡ ಇಲ್ಲಿ 1066 ಅಥವಾ 800ರ ವೇಗದಲ್ಲೇ ಓಡುತ್ತದೆ, ಅದು ಸಹಜ. ಸರ್ವರ್‌ಗಳಿಂದ ಕಳಚಿದ ರಿಜಿಸ್ಟರ್ಡ್ ಇಸಿಸಿ ರ‍್ಯಾಮ್ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಇದಕ್ಕೆ ಆಗದು.

4 ಜಿಬಿಯ ಡಿಡಿಆರ್2 ಸ್ಟಿಕ್ ಬಹಳ ಅಗ್ಗಕ್ಕೆ ಸಿಗುತ್ತಿದೆ. ಕೊಳ್ಳಲೇ?

ಇಂಟೆಲ್ ಬೋರ್ಡಿಗೆ ಬೇಡ. ಅಗ್ಗದವು ಸಾಮಾನ್ಯವಾಗಿ "ಎಎಂಡಿಗೆ ಮಾತ್ರ" ಎಂಬ ಬಗೆಯವು; ಅವುಗಳ ಚಿಪ್ಪಿನ ವಿಳಾಸದ ಲೆಕ್ಕವೇ ಬೇರೆ, ಇಂಟೆಲ್ ಚಿಪ್‌ಸೆಟ್ ಅದನ್ನು ಓದಲಾರದು. ಡಿಡಿಆರ್2 ಬೋರ್ಡಿನಲ್ಲಿ 2 ಜಿಬಿಯ ಎರಡು ಸ್ಟಿಕ್ ಹಾಕಿ ಅಲ್ಲಿಗೆ ನಿಲ್ಲಿಸುವುದು ಬುದ್ಧಿವಂತಿಕೆ. ಡಿಡಿಆರ್2, ಡಿಡಿಆರ್3 ಎರಡಕ್ಕೂ 240 ಪಿನ್ನೇ ಇದ್ದರೂ ಕಚ್ಚಿನ ಜಾಗ ಬೇರೆ, ವೋಲ್ಟೇಜ್ ಕೂಡ ಬೇರೆ: 1.8 ಮತ್ತು 1.5. ಕೂರದಿದ್ದರೆ ಒತ್ತಿ ಕೂರಿಸಬೇಡಿ.

ಪ್ರೊಸೆಸರ್ ಬದಲಿಸಿದರೆ ಎಷ್ಟು ಲಾಭ? ಯಾವುದು ಹಾಕಲಿ?

ಈಗ ಸೆಲೆರಾನ್ ಅಥವಾ ಪೆಂಟಿಯಂ 4 ಇದ್ದರೆ ಲಾಭ ಬಹಳ. ಈಗಾಗಲೇ ಇ7500 ಇದ್ದರೆ ಡ್ಯೂಯೊದಿಂದ ಡ್ಯೂಯೊಗೆ ಹೋಗುವುದು ವ್ಯರ್ಥ, ಕ್ವಾಡ್‌ಗೆ ಹೋದರೆ ಮಾತ್ರ ಅರ್ಥವಿದೆ. ಬಳಸಿದ ಪ್ರೊಸೆಸರ್‌ಗಳು ಕೆಲವು ನೂರು ರೂಪಾಯಿಗೆ ಸಿಗುತ್ತವೆ.

ಕೊಳ್ಳುವ ಮುನ್ನ ಬೋರ್ಡ್ ಕಂಪನಿಯ ಪ್ರೊಸೆಸರ್ ಪಟ್ಟಿಯಲ್ಲಿ ಮೂರು ಸಂಗತಿ ನೋಡಿ. ಮೊದಲನೆಯದು ಎಫ್‌ಎಸ್‌ಬಿ, ಅಂದರೆ ಪ್ರೊಸೆಸರ್ ಮತ್ತು ಚಿಪ್‌ಸೆಟ್ ನಡುವಿನ ಸಂಪರ್ಕದ ವೇಗ: ಇ5400ಕ್ಕೆ 800, ಇ7500 ಮತ್ತು ಕ್ಯೂ6600ಕ್ಕೆ 1066, ಇ8400, ಕ್ಯೂ8400, ಕ್ಯೂ9550ಕ್ಕೆ 1333. ಎರಡನೆಯದು ಬಯಾಸ್ ಆವೃತ್ತಿ: ಪಟ್ಟಿಯಲ್ಲಿ ಪ್ರೊಸೆಸರ್ ಎದುರು "ಇಂಥ ಬಯಾಸ್‌ನಿಂದ" ಎಂದು ಬರೆದಿರುತ್ತಾರೆ. ಮೂರನೆಯದು ವ್ಯಾಟ್: ಡ್ಯೂಯೊಗಳು 65, ಕ್ವಾಡ್‌ಗಳು ಸಾಮಾನ್ಯವಾಗಿ 95, ಕ್ಯೂ6600ನ ಮೊದಲ ಆವೃತ್ತಿ 105. ಕ್ಯೂ6600 ಕೊಳ್ಳುವುದಾದರೆ ಲೋಹದ ಮುಚ್ಚಳದ ಮೇಲೆ "ಎಸ್‌ಎಲ್‌ಎಸಿಆರ್" ಸಂಕೇತ ಇರುವುದನ್ನೇ ಆರಿಸಿ, ಅದು 95 ವ್ಯಾಟ್‌ನದು.

ವ್ಯಾಟ್ ವಿಚಾರ ಹಗುರವಾಗಿ ತೆಗೆದುಕೊಳ್ಳಬೇಡಿ. ಅಗ್ಗದ ಜಿ31, ಜಿ41 ಬೋರ್ಡ್‌ಗಳಲ್ಲಿ ಪ್ರೊಸೆಸರ್‌ಗೆ ಕರೆಂಟ್ ಕೊಡುವ ಭಾಗ ಮೂರೇ ಹಂತದ್ದು, ಆ ಕರೆಂಟ್ ಹಾಯಿಸುವ ಮಾಸ್‌ಫೆಟ್ ಎಂಬ ಟ್ರಾನ್ಸಿಸ್ಟರ್‌ಗಳ ಮೇಲೆ ಹೀಟ್‌ಸಿಂಕ್ ಇರುವುದಿಲ್ಲ. ಅಲ್ಲಿ 95 ವ್ಯಾಟ್ ಕ್ವಾಡ್ ಹಾಕಿದರೆ ಮೊದಮೊದಲು ಓಡುತ್ತದೆ, ಬೇಸಿಗೆಯಲ್ಲಿ ವಿಡಿಯೋ ರೆಂಡರ್ ಹಾಕಿದಾಗ ತಾನಾಗಿ ಆಫ್ ಆಗಲು ಶುರುವಾಗುತ್ತದೆ. ಅಂಥ ಬೋರ್ಡಿಗೆ 3.0 ಗಿಗಾಹರ್ಟ್ಸ್‌ನ ಇ8400 ಸಾಕು. 6 ಎಂಬಿ ಕ್ಯಾಶ್ ಇದೆ, 65 ವ್ಯಾಟ್.

ಎಲ್‌ಜಿಎ771 ಸಾಕೆಟ್‌ನ ಸರ್ವರ್ ಪ್ರೊಸೆಸರ್ ಜಿಯಾನ್ ಇ5450ಗೆ ಸ್ಟಿಕರ್ ಅಂಟಿಸಿ 775ಕ್ಕೆ ಹಾಕುವ ಪದ್ಧತಿ ಇದೆ. ಸ್ಟಿಕರ್ ಎರಡು ಸಂಪರ್ಕಗಳನ್ನು ಅದಲುಬದಲು ಮಾಡುತ್ತದೆ, ಪ್ರೊಸೆಸರ್ ಅಂಚಿನಲ್ಲಿ ಕಚ್ಚೂ ಕೊಯ್ಯಬೇಕು. ಬಯಾಸ್‌ನಲ್ಲಿ ಆ ಪ್ರೊಸೆಸರ್‌ನ ಮೈಕ್ರೋಕೋಡ್ (ಒಳಗಿನ ತಿದ್ದುಪಡಿ ಸಂಕೇತ) ಇಲ್ಲದಿದ್ದರೆ ಬಯಾಸ್ ತಿದ್ದಬೇಕು. ಕಚೇರಿಯ ಯಂತ್ರಕ್ಕೆ ಇದು ಬೇಡ.

ಬಯಾಸ್ ಅಪ್‌ಡೇಟ್ ಎಲ್ಲಿ ಸಿಗುತ್ತದೆ? ಹೇಗೆ ಮಾಡುವುದು?

ಗಿಗಾಬೈಟ್, ಏಸಸ್, ಎಂಎಸ್‌ಐ ಜಾಲತಾಣಗಳಲ್ಲಿ ಹಳೇ ಮಾಡೆಲ್‌ಗಳ ಫೈಲುಗಳು ಬಹುತೇಕ ಉಳಿದಿವೆ. ಇಂಟೆಲ್ 2013ರಲ್ಲಿ ಡೆಸ್ಕ್‌ಟಾಪ್ ಬೋರ್ಡ್ ವ್ಯವಹಾರದಿಂದ ಹಿಂದೆ ಸರಿಯುವುದಾಗಿ ಹೇಳಿ, 2019ರ ನವೆಂಬರ್‌ನಲ್ಲಿ ಹಳೇ ಬಯಾಸ್, ಡ್ರೈವರ್‌ಗಳನ್ನು ತನ್ನ ತಾಣದಿಂದ ತೆಗೆಯಿತು. ಅವುಗಳ ಪ್ರತಿಗಳು ಇಂಟರ್‌ನೆಟ್ ಆರ್ಕೈವ್‌ನಲ್ಲಿ ಸಿಗುತ್ತವೆ.

ಕ್ರಮ ತಪ್ಪಿದರೆ ಸಿಕ್ಕಿಕೊಳ್ಳುತ್ತೀರಿ: ಹಳೇ ಪ್ರೊಸೆಸರ್ ಇದ್ದಾಗಲೇ ಬಯಾಸ್ ಅಪ್‌ಡೇಟ್ ಮಾಡಿ, ಒಮ್ಮೆ ರೀಸ್ಟಾರ್ಟ್ ಮಾಡಿ ಹೊಸ ಆವೃತ್ತಿ ಕಾಣುತ್ತಿದೆಯೇ ನೋಡಿ, ಆಮೇಲೆ ಪ್ರೊಸೆಸರ್ ಬದಲಿಸಿ. ಯುಪಿಎಸ್ ಇಲ್ಲದೆ ಮಾಡಬೇಡಿ. ಬರೆಯುವ ಎರಡು ನಿಮಿಷದಲ್ಲಿ ಕರೆಂಟ್ ಹೋದರೆ ಬೋರ್ಡ್ ಏಳದು. ವಿಂಡೋಸ್ ಒಳಗಿನಿಂದ ಬರೆಯುವ ತಂತ್ರಾಂಶಕ್ಕಿಂತ ಬಯಾಸ್‌ನದೇ ಒಳಗಿನ ಫ್ಲ್ಯಾಶ್ ಸೌಲಭ್ಯ ಸುರಕ್ಷಿತ. ಪೆನ್‌ಡ್ರೈವನ್ನು ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿ ಬಳಸಿ. ಕೆಟ್ಟೇ ಹೋದರೆ ಎಂಟು ಕಾಲಿನ 25 ಸರಣಿಯ ಬಯಾಸ್ ಚಿಪ್ಪನ್ನು ಸಿಎಚ್341ಎ ಪ್ರೋಗ್ರಾಮರ್‌ನಿಂದ ಮತ್ತೆ ಬರೆಯಬಹುದು. ಈ ಕೆಲಸ ಮಾಡಿಕೊಡುವ ಲ್ಯಾಪ್‌ಟಾಪ್ ರಿಪೇರಿ ಅಂಗಡಿಗಳು ತಾಲ್ಲೂಕು ಕೇಂದ್ರಗಳಲ್ಲೂ ಇವೆ.

ಕೂಲರ್ ತೆಗೆದು ಹಾಕಿದ ಮೇಲೆ ಯಂತ್ರ ಬಿಸಿಯಾಗಿ ನಿಲ್ಲುತ್ತಿದೆ. ಯಾಕೆ?

ನಾಲ್ಕು ಪುಶ್‌ಪಿನ್‌ಗಳಲ್ಲಿ ಒಂದು ಸರಿಯಾಗಿ ಇಳಿದಿಲ್ಲ. ತೆಗೆಯುವಾಗ ಪಿನ್ನಿನ ತಲೆಯನ್ನು ಬಾಣದ ದಿಕ್ಕಿಗೆ ಕಾಲು ಸುತ್ತು ತಿರುಗಿಸಿ ಮೇಲಕ್ಕೆ ಎಳೆಯಬೇಕು. ಹಾಕುವ ಮುನ್ನ ನಾಲ್ಕನ್ನೂ ವಾಪಸ್ ತಿರುಗಿಸಿಕೊಳ್ಳಿ. ಇದನ್ನೇ ಎಲ್ಲರೂ ಮರೆಯುವುದು. ಆಮೇಲೆ ಎದುರುಬದುರು ಮೂಲೆಗಳ ಪಿನ್ನುಗಳನ್ನು ಜೋಡಿಯಾಗಿ "ಟಕ್" ಅನ್ನುವವರೆಗೆ ಒತ್ತಿ. ಬೋರ್ಡಿನ ಹಿಂಬದಿಯಲ್ಲಿ ನಾಲ್ಕೂ ಕಡೆ ಬಿಳಿ ಪ್ಲಾಸ್ಟಿಕ್ ಅಗಲವಾಗಿ ಅರಳಿ, ನಡುವೆ ಕಪ್ಪು ತುದಿ ಕಾಣಬೇಕು. ಹಳೇ ಥರ್ಮಲ್ ಪೇಸ್ಟ್ ಪೂರ್ತಿ ಒರೆಸಿ, ಬಟಾಣಿ ಕಾಳಿನಷ್ಟು ಹೊಸದು ಹಾಕಿ. ಸಾಕೆಟ್ಟಿನೊಳಗಿನ ಸ್ಪ್ರಿಂಗ್ ಪಿನ್ನುಗಳಿಗೆ ಬೆರಳು, ಬಟ್ಟೆ ಯಾವುದನ್ನೂ ತಾಗಿಸಬೇಡಿ.

ವಿಂಡೋಸ್ 11 ಹಾಕಬಹುದೇ?

ಆಗುವುದಿಲ್ಲ. ವಿಂಡೋಸ್ 11 ಕೇಳುವ ಟಿಪಿಎಂ (ಸುರಕ್ಷತಾ ಚಿಪ್ಪು) ತಪಾಸಣೆ ತಪ್ಪಿಸುವ ಉಪಾಯಗಳು ಹಳೇ ಬಿಡುಗಡೆಗಳಲ್ಲಿ ನಡೆಯುತ್ತಿದ್ದವು. 24ಎಚ್2 ಬಿಡುಗಡೆಯಿಂದ ಎಸ್‌ಎಸ್‌ಇ4.2 ಮತ್ತು ಪಾಪ್‌ಕೌಂಟ್ ಎಂಬ ಪ್ರೊಸೆಸರ್ ಸೂಚನೆಗಳು ಕಡ್ಡಾಯ. ಕೋರ್ 2 ಪ್ರೊಸೆಸರ್‌ಗಳಲ್ಲಿ ಅವು ಇಲ್ಲವೇ ಇಲ್ಲ. ಯಾವ ಉಪಾಯವೂ ಇಲ್ಲದ ಸೂಚನೆಯನ್ನು ಹುಟ್ಟಿಸದು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಇಂಟರ್‌ನೆಟ್ಟಿಗೆ ಜೋಡಿಸುವ ಯಂತ್ರವಾದರೆ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿಯೋ ಎಂಎಕ್ಸ್ ಲಿನಕ್ಸೋ ಹಾಕಿ. ಕೋರ್ 2ರ ಮೇಲೆ 64 ಬಿಟ್ ಆವೃತ್ತಿಯೇ ಓಡುತ್ತದೆ, 4 ಜಿಬಿ ರ‍್ಯಾಮ್ ಸಾಕಾಗುತ್ತದೆ. ಕನ್ನಡ ಟೈಪಿಂಗ್ ಅದರಲ್ಲೇ ಬರುತ್ತದೆ.

ಯೂಟ್ಯೂಬ್ ತಡವರಿಸಿದರೆ ಬ್ರೌಸರ್‌ಗೆ ಎಚ್264ಇಫೈ ಎಕ್ಸ್‌ಟೆನ್ಷನ್ ಹಾಕಿ, ಅದು ವಿಡಿಯೋವನ್ನು ಹಗುರವಾದ ಎಚ್.264 ರೂಪದಲ್ಲೇ ತರಿಸುತ್ತದೆ. ಜಿಟಿ 710 ಗ್ರಾಫಿಕ್ಸ್ ಕಾರ್ಡ್ ಇದ್ದರೆ ಎಚ್.264 ವಿಡಿಯೋದ ಹೊರೆಯನ್ನು ಅದು ಹೊರಬಲ್ಲದು. ಯೂಟ್ಯೂಬ್ ಬಳಸುವ ಇನ್ನೊಂದು ರೂಪವಾದ ವಿಪಿ9 ಅದಕ್ಕೂ ಬರುವುದಿಲ್ಲ.

ಬೋರ್ಡ್ ಆನ್ ಆಗುತ್ತಿಲ್ಲ, ಇಲ್ಲವೇ ಒಮ್ಮೆ ಆನ್ ಆಗಿ ಒಮ್ಮೆ ಆಗದು. ಎಸೆಯಲೇ?

ಅವಸರ ಬೇಡ. ಈ ಸಾಲಿನಲ್ಲಿ ನೋಡಿ.

ರ‍್ಯಾಮ್ ತೆಗೆದು ಅದರ ಚಿನ್ನದ ಹಲ್ಲುಗಳನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ, ಸಿಗದಿದ್ದರೆ ಪೆನ್ಸಿಲ್ ರಬ್ಬರಿನಿಂದ ಒರೆಸಿ. ರಬ್ಬರಿನ ಪುಡಿ ಸ್ಲಾಟ್‌ಗೆ ಬೀಳಬಾರದು. ಸಿಆರ್2032 ಬ್ಯಾಟರಿ ಅಳೆಯಿರಿ. 3 ವೋಲ್ಟ್ ಇರಬೇಕು, 2.7ಕ್ಕಿಂತ ಕೆಳಗಿದ್ದರೆ ಬದಲಿಸಿ. ಎಸ್‌ಎಂಪಿಎಸ್ (ಯಂತ್ರಕ್ಕೆ ಕರೆಂಟ್ ಕೊಡುವ ಪೆಟ್ಟಿಗೆ) ಓಡುವಾಗ 12 ವೋಲ್ಟ್ ತಂತಿಯಲ್ಲಿ 11.4ರಿಂದ 12.6, 5 ವೋಲ್ಟ್‌ನಲ್ಲಿ 4.75ರಿಂದ 5.25 ಸಿಗಬೇಕು. ಪ್ರೊಸೆಸರ್ ಹತ್ತಿರದ ನಾಲ್ಕು ಪಿನ್ನಿನ 12 ವೋಲ್ಟ್ ಕನೆಕ್ಟರ್ ಮರೆತರೆ ಫ್ಯಾನ್ ತಿರುಗುತ್ತದೆ, ಡಿಸ್‌ಪ್ಲೇ ಬರುವುದಿಲ್ಲ.

ಆಮೇಲೆ ಕೆಪಾಸಿಟರ್‌ಗಳು. ತಲೆ ಉಬ್ಬಿದ್ದರೆ, ಕಂದು ದ್ರವ ಒಸರಿದ್ದರೆ ಅಪರಾಧಿ ಸಿಕ್ಕಿತು. ಅಷ್ಟೇ ಮೈಕ್ರೋಫ್ಯಾರಡ್, ಅಷ್ಟೇ ಅಥವಾ ಹೆಚ್ಚು ವೋಲ್ಟ್, 105 ಡಿಗ್ರಿಯ, ಒಳರೋಧ ಕಡಿಮೆ ಇರುವ ಲೋ ಇಎಸ್‌ಆರ್ ಬಗೆಯದನ್ನೇ ಹಾಕಿ. ಸಾಮಾನ್ಯ ಕೆಪಾಸಿಟರ್ ಹಾಕಿದರೆ ಕೆಲವು ವಾರಕ್ಕೆ ಮತ್ತೆ ಉಬ್ಬುತ್ತದೆ. ಗ್ರೌಂಡ್ ಕಾಲು ಬೋರ್ಡಿನ ಒಳಪದರಗಳ ತಾಮ್ರಕ್ಕೆ ಅಂಟಿರುವುದರಿಂದ 25 ವ್ಯಾಟ್ ಸಾಲ್ಡರಿಂಗ್ ಐರನ್‌ಗೆ ಸೀಸ ಕರಗದು, ಎಳೆದಾಡಿದರೆ ತೂತಿನ ಒಳಲೇಪವೇ ಕಿತ್ತು ಬರುತ್ತದೆ. 60 ವ್ಯಾಟ್‌ನದು ಬಳಸಿ, ಸ್ವಲ್ಪ ಹೊಸ ಸೀಸ ಸೇರಿಸಿ ಕರಗಿಸಿ. ಧನ, ಋಣದ ಗುರುತು ಎಲ್ಲ ಕಂಪನಿಗಳಲ್ಲೂ ಒಂದೇ ಅಲ್ಲ. ತೆಗೆಯುವ ಮುನ್ನ ಫೋಟೋ ತೆಗೆದುಕೊಂಡು ಹಳೆಯದು ಇದ್ದ ದಿಕ್ಕಿಗೇ ಕೂರಿಸಿ.

ವೇಬ್ರಿಜ್, ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಕತ್ತರಿಸುವ) ಯಂತ್ರ ಅಥವಾ ಡಾಂಗಲ್ (ಪೋರ್ಟ್‌ಗೆ ಚುಚ್ಚುವ ಪರವಾನಗಿ ಕೀಲಿ) ಇರುವ ಹಳೇ ತಂತ್ರಾಂಶಕ್ಕೆ ಈ ಬೋರ್ಡ್ ಬೇಕೇ ಬೇಕು. ಮುಂದೇನು?

ಹಳೇ ಬೋರ್ಡ್‌ಗಳಿಗೆ ಇನ್ನೂ ಬೆಲೆ ಇರುವುದು ಈ ಕಾರಣಕ್ಕೇ. ನಿಮ್ಮ ಸಾಧನ ಯಾವ ಪೋರ್ಟ್ ಬಳಸುತ್ತದೆ ಎಂಬುದರ ಮೇಲೆ ಉತ್ತರ ನಿಂತಿದೆ.

ಸೀರಿಯಲ್ ಪೋರ್ಟ್ ಆದರೆ ಸುಲಭ. ತೂಕದ ಇಂಡಿಕೇಟರ್‌ಗಳು ಕಳಿಸುವುದು ಸರಳ ಅಕ್ಷರಗಳನ್ನು, ಒಳ್ಳೆಯ ಯುಎಸ್‌ಬಿ ಸೀರಿಯಲ್ ಕೇಬಲ್ ಸಾಕು. ಹಳೇ ತಂತ್ರಾಂಶಕ್ಕೆ ಕಾಮ್1ರಿಂದ ಕಾಮ್4ರವರೆಗೆ ಮಾತ್ರ ಗೊತ್ತಿರುತ್ತದೆ, ಹಾಗಾಗಿ ಡಿವೈಸ್ ಮ್ಯಾನೇಜರ್‌ನಲ್ಲಿ ಪೋರ್ಟ್ ಸಂಖ್ಯೆ ಇಳಿಸಿ. ಬೋರ್ಡಿನ ಮೇಲೇ ಕಾಮ್ ಹೆಡರ್ ಇದ್ದರೆ ಬ್ರ್ಯಾಕೆಟ್ ಕೇಬಲ್ ಹಾಕಬಹುದು, ಆದರೆ ಅದರಲ್ಲಿ ಎರಡು ಬಗೆಯ ಜೋಡಣೆ ಇದೆ. ಬೇರೆ ಬೋರ್ಡಿನ ಕೇಬಲ್ ಹಾಕಿದರೆ ಪೋರ್ಟ್ ಕಾಣುತ್ತದೆ, ಡೇಟಾ ಬರದು. ಪರೀಕ್ಷೆ ಹೀಗೆ: ಒಂಬತ್ತು ಪಿನ್ನಿನ ಕನೆಕ್ಟರ್‌ನ 2 ಮತ್ತು 3ನೇ ಪಿನ್ನುಗಳನ್ನು ತಂತಿಯಿಂದ ಜೋಡಿಸಿ, ಟರ್ಮಿನಲ್ ತಂತ್ರಾಂಶದಲ್ಲಿ ಹಾರ್ಡ್‌ವೇರ್ ಫ್ಲೋ ಕಂಟ್ರೋಲ್ ಆಫ್ ಮಾಡಿ ಟೈಪಿಸಿ. ಒತ್ತಿದ ಅಕ್ಷರ ಮರಳಿ ಪರದೆಗೆ ಬಂದರೆ ಪೋರ್ಟ್, ಕೇಬಲ್ ಎರಡೂ ಸರಿ.

ಪ್ಯಾರಲಲ್ ಪೋರ್ಟ್ ಆದರೆ ಎಚ್ಚರ. ಯುಎಸ್‌ಬಿಯಿಂದ ಪ್ಯಾರಲಲ್‌ಗೆ ಹೋಗುವ ಕೇಬಲ್ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್‌ಗೆ ಮಾತ್ರ ಸಾಕು. ಡಾಂಗಲ್‌ಗಳು, ಮ್ಯಾಕ್3ರಂಥ ಸಿಎನ್‌ಸಿ ತಂತ್ರಾಂಶಗಳು 378 ವಿಳಾಸದ ಪೋರ್ಟನ್ನು ನೇರವಾಗಿ ಮುಟ್ಟುತ್ತವೆ; ಕೇಬಲ್‌ಗೆ ಆ ವಿಳಾಸವೇ ಇಲ್ಲ. ಪಿಸಿಐ ಎಕ್ಸ್‌ಪ್ರೆಸ್ ಕಾರ್ಡ್‌ಗಳಿಗೆ ವಿಳಾಸ ಇರುತ್ತದೆ, ಆದರೆ ಬೇರೆಯದು. ತಂತ್ರಾಂಶದಲ್ಲಿ ವಿಳಾಸ ಬದಲಿಸಲು ಬಂದರೆ ನಡೆದೀತು. ಮ್ಯಾಕ್3ರ ಪ್ಯಾರಲಲ್ ಡ್ರೈವರ್ 32 ಬಿಟ್ ವಿಂಡೋಸ್‌ನಲ್ಲಿ ಮಾತ್ರ ಓಡುತ್ತದೆ ಎಂಬುದೂ ನೆನಪಿರಲಿ. ಆದ್ದರಿಂದ ಬೋರ್ಡಿನ ಮೇಲೇ ಎಲ್‌ಪಿಟಿ (ಪ್ಯಾರಲಲ್) ಪೋರ್ಟ್ ಅಥವಾ ಹೆಡರ್ ಇರುವ ಇನ್ನೊಂದು ಬೋರ್ಡನ್ನೇ ಹುಡುಕಿ.

ಯಂತ್ರಕ್ಕೆ ಪಿಸಿಐ ಕಾರ್ಡ್ ಇದ್ದರೆ ಬಿ75 ಅಥವಾ ಕ್ಯೂ77 ಬೋರ್ಡ್ ನೋಡಿ. ಆ ಚಿಪ್‌ಸೆಟ್‌ಗಳಲ್ಲಿ ಪಿಸಿಐ ನೇರವಾಗಿ ಇದೆ. ಎಚ್61ರಲ್ಲಿ ಇಲ್ಲ, ಸ್ಲಾಟ್ ಕಂಡರೂ ಅದು ಬ್ರಿಜ್ ಚಿಪ್ಪಿನ ಮೂಲಕ ಬಂದದ್ದು, ಕೆಲವು ಕೈಗಾರಿಕಾ ಕಾರ್ಡ್‌ಗಳು ಅದಕ್ಕೆ ಒಗ್ಗುವುದಿಲ್ಲ.

ಬೋರ್ಡನ್ನೇ ಬದಲಿಸುವುದಾದರೆ ಹಳೆಯದರಲ್ಲಿ ಏನೇನು ಉಳಿಯುತ್ತದೆ?

ಡಿಡಿಆರ್3 ಜಿ41 ಲೇಸು ಅಂದದ್ದು ಇದಕ್ಕೇ. 16 ಚಿಪ್ಪಿನ ಡಿಡಿಆರ್3 ಸ್ಟಿಕ್ಕುಗಳು ಎಲ್‌ಜಿಎ1155ರ ಎಚ್61, ಬಿ75 ಬೋರ್ಡ್‌ಗಳಿಗೆ ಹಾಗೇ ಹೋಗುತ್ತವೆ. ಎಸ್‌ಎಸ್‌ಡಿ, ಕ್ಯಾಬಿನೆಟ್, ಒಳ್ಳೆಯ ಎಸ್‌ಎಂಪಿಎಸ್ ಕೂಡ. ಪ್ರೊಸೆಸರ್ ಉಳಿಯದು. ಕೂಲರ್ ಸಹ ಉಳಿಯದು: 775ರ ರಂಧ್ರಗಳ ಅಂತರ 72 ಮಿಲಿಮೀಟರ್, 1155ರದು 75. ಡಿಡಿಆರ್2 ಬೋರ್ಡ್ ಇದ್ದವರಿಗೆ ರ‍್ಯಾಮಿನ ದುಡ್ಡು ಪೂರ್ತಿ ಮುಳುಗುತ್ತದೆ, ಅದಕ್ಕೇ ಡಿಡಿಆರ್2ಗೆ ಹೆಚ್ಚು ಸುರಿಯಬೇಡಿ ಎನ್ನುವುದು.

ಆಯ್ಕೆ ಇದ್ದರೆ ಎಚ್61ಗಿಂತ ಬಿ75 ಮೇಲು. ಎಚ್61ರ ಎಲ್ಲ ಸಾಟಾ ಪೋರ್ಟುಗಳೂ 3 ಗಿಗಾಬಿಟ್‌ನವೇ. ಬಿ75ರಲ್ಲಿ ಒಂದು 6 ಗಿಗಾಬಿಟ್ ಪೋರ್ಟ್ ಇದೆ, ಯುಎಸ್‌ಬಿ 3.0 ಕೂಡ ಇದೆ. ಎಚ್61ಗೆ ಐ5-3470ರಂಥ ಮೂರನೇ ಪೀಳಿಗೆಯ ಪ್ರೊಸೆಸರ್ ಹಾಕುವುದಾದರೆ ಬಯಾಸ್ ಹೊಸದಿರಬೇಕು, ಇಲ್ಲವಾದರೆ ಐ5-2400 ಹಾಕಿ.

ಡೆಲ್ ಆಪ್ಟಿಪ್ಲೆಕ್ಸ್ ಇರುವವರು ಬೋರ್ಡ್ ಮಾತ್ರ ಬದಲಿಸಲು ಹೋಗಬೇಡಿ. 755, 780ರ ಒಳವಿನ್ಯಾಸ ಬಿಟಿಎಕ್ಸ್ ಎಂಬ ಬೇರೆ ಬಗೆಯದು, ಸಾಮಾನ್ಯ ಬೋರ್ಡ್ ಕೂರುವುದಿಲ್ಲ. 7020, 9020ರಲ್ಲಿ ಎಸ್‌ಎಂಪಿಎಸ್ ಕನೆಕ್ಟರ್ 24 ಪಿನ್ ಬದಲು 8 ಪಿನ್ನಿನದು. ಕಚೇರಿಗಳಿಂದ ಬಂದ ಐ5 ಡೆಸ್ಕ್‌ಟಾಪನ್ನು ಇಡಿಯಾಗಿ ಕೊಳ್ಳುವುದೇ ಅಲ್ಲಿ ಅಗ್ಗ.

ಎಕ್ಸ್‌ಪಿ ಇರುವ ಹಳೇ ಡಿಸ್ಕನ್ನು ಹೊಸ ಬೋರ್ಡಿಗೆ ಹಾಕಿದರೆ 7ಬಿ ಎಂಬ ನೀಲಿ ಪರದೆ ಬರುತ್ತದೆ.

ಎಕ್ಸ್‌ಪಿಗೆ ಹೊಸ ಬೋರ್ಡಿನ ಡಿಸ್ಕ್ ಕಂಟ್ರೋಲರ್ ಗೊತ್ತಿಲ್ಲ. ಬಯಾಸ್‌ನಲ್ಲಿ ಸಾಟಾ ಮೋಡನ್ನು ಎಎಚ್‌ಸಿಐಯಿಂದ ಐಡಿಇಗೆ ಬದಲಿಸಿ. ಇನ್ನೂ ಬಂದರೆ ಡಿಸ್ಕನ್ನು ಹಳೇ ಬೋರ್ಡಿಗೇ ಮರಳಿ ಹಾಕಿ, ಡಿವೈಸ್ ಮ್ಯಾನೇಜರ್‌ನಲ್ಲಿ ಐಡಿಇ ಕಂಟ್ರೋಲರ್‌ನ ಡ್ರೈವರನ್ನು "ಸ್ಟ್ಯಾಂಡರ್ಡ್ ಡ್ಯುಯಲ್ ಚಾನೆಲ್" ಎಂಬುದಕ್ಕೆ ಬದಲಿಸಿ, ಶಟ್‌ಡೌನ್ ಮಾಡಿ, ಆಮೇಲೆ ಸಾಗಿಸಿ. ಇದೆಲ್ಲಕ್ಕಿಂತ ಮೊದಲು ಡಿಸ್ಕಿನ ಪೂರ್ತಿ ಕ್ಲೋನ್ ಒಂದು ಬೇರೆ ಡಿಸ್ಕಿನಲ್ಲಿ ಇರಲೇಬೇಕು. ಯಂತ್ರದ ತಂತ್ರಾಂಶದ ಮೂಲ ಸಿ.ಡಿ. ಯಾರ ಬಳಿಯೂ ಉಳಿದಿರುವುದಿಲ್ಲ.

ಕಳಚಿದ ಹಳೇ ಬೋರ್ಡನ್ನು ಏನು ಮಾಡಲಿ?

ಓಡುತ್ತಿದ್ದರೆ ಇಟ್ಟುಕೊಳ್ಳಿ, ವೇಬ್ರಿಜ್ ಅಥವಾ ಸಿಎನ್‌ಸಿಯವರಿಗೆ ಬೇಕಾದೀತು. ಪ್ರೊಸೆಸರ್ ಸಾಕೆಟ್‌ನಲ್ಲೇ ಇರಲಿ. ಖಾಲಿ ಬಿಟ್ಟರೆ ಪ್ಲಾಸ್ಟಿಕ್ ಮುಚ್ಚಳ ಹಾಕಿ, ಇಲ್ಲವಾದರೆ ಪಿನ್ನು ಬಾಗುತ್ತವೆ. ಬ್ಯಾಟರಿ ತೆಗೆದು, ಆಂಟಿಸ್ಟ್ಯಾಟಿಕ್ ಕವರಿನಲ್ಲಿ ಇಟ್ಟು, ಮಾಡೆಲ್, ರಿವಿಷನ್, ಬಯಾಸ್ ಆವೃತ್ತಿ ಬರೆದ ಚೀಟಿ ಅಂಟಿಸಿ. ಸತ್ತಿದ್ದರೆ ಗುಜರಿಗೆ ಹಾಕಬೇಡಿ; ತಾಮ್ರಕ್ಕಾಗಿ ಸುಟ್ಟರೆ ಬರುವ ಹೊಗೆ ಸುಡುವವರ ಪುಪ್ಪುಸಕ್ಕೇ ಹೋಗುತ್ತದೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಅಡಿ ನೋಂದಾಯಿತ ಮರುಬಳಕೆದಾರರಿಗೆ ಕೊಡಿ. ಕೊಡುವ ಮುನ್ನ ಕೂಲರಿನ ಫ್ಯಾನ್, ಬಯಾಸ್ ಚಿಪ್ಪು, ಹಿಂಬದಿಯ ಐಒ ತಗಡು (ಪೋರ್ಟ್‌ಗಳ ಸುತ್ತ ಕೂರುವ ತೂತುಗಳ ತಗಡು) ತೆಗೆದಿಟ್ಟುಕೊಳ್ಳಿ. ಅದೇ ಮಾಡೆಲ್‌ನ ಇನ್ನೊಂದು ಬೋರ್ಡ್ ಸಿಕ್ಕಾಗ ಐಒ ತಗಡು ಅಂಗಡಿಯಲ್ಲಿ ಹುಡುಕಿದರೂ ಸಿಗುವುದಿಲ್ಲ.